ಗೋವಿನ ಜೋಳಕ್ಕ ಸುಣ್ಣದ ನೀರು: ಝಳಕಿಯಾಗ ಕೆಸಡಿಯಾ

ಇವತ್ತಿನ ಎಪಿಸೋಡ್ ಝಳಕಿಯಿಂದ. ವಿಜಯಪುರ–ಸೊಲ್ಲಾಪುರ ಹೆದ್ದಾರಿ ಮ್ಯಾಲಿನ ಊರು, ನಡುವ ಲಾರಿ ಹಾರ್ನ್ ಕೇಳಿಸಿದ್ರ ಹೊಟ್ಟ್ಯಾಗ ಹಾಕ್ಕೋರಿ.

ವಿಷಯ ಕೆಸಡಿಯಾ. ರೀಲ್ಸ್‌ನಾಗ ನೋಡಿರ್ತೀರಿ, ಮೈದಾ ಚಪಾತಿಯೊಳಗ ಚೀಸ್ ಇಟ್ಟು, ಮಡಚಿ, ತವಾ ಮ್ಯಾಲೆ ಒತ್ತೋದು. ಉತ್ತರ ಮೆಕ್ಸಿಕೋದಾಗ ಗೋದಿದೂ ಮಾಡ್ತಾರ, ತಪ್ಪಲ್ಲ. ಆದ್ರ ಮೆಕ್ಸಿಕೋ ಸಿಟಿಯ ಬೀದಿಬದಿ ಸಿಗೋದು ಬ್ಯಾರೆ. ಗೋವಿನ ಜೋಳದ ಹಸಿ ಹಿಟ್ಟು ತಟ್ಟಿ, ಒಳಗ ತುಂಬಿ, ಕಾದ ಹಂಚಿನ ಮ್ಯಾಲೆ ಬೇಯಿಸ್ತಾರ. ಮಜಾ ಏನಂದ್ರ, ಆ ಊರಾಗ ಕೆಸಡಿಯಾ ಕೊಡ್ರಿ ಅಂದ್ರ 'ಚೀಸ್ ಹಾಕ್ಲೋ ಬ್ಯಾಡೋ' ಅಂತ ಕೇಳ್ತಾರ. ಹೆಸರಿನಾಗಿರೋ 'ಕೇಸೊ' ಅಂದ್ರನ ಚೀಸ್!

ಹಸಿ ಹಿಟ್ಟು ಅಂದ್ರ ಹಸಿ ತೆನಿ ರುಬ್ಬಿದ್ದಲ್ಲ. ಒಣ ಕಾಳನ್ನ ಸುಣ್ಣದ ನೀರಿನಾಗ ಕುದಿಸಿ, ರಾತ್ರಿ ನೆನಸಿ, ತೊಳೆದು ರುಬ್ಬಿದ್ದು. 'ಮಾಸಾ' ಅಂತಾರ. ಸುಣ್ಣ ಅಂದಕೂಡಲೇ ನಮ್ಮವ್ವ, "ಏನೋ ತಮ್ಮಾ, ಗ್ವಾಡಿಗಿ ಹಚ್ಚೋದನ್ನ ಹೊಟ್ಟಿಗಿ ಹಾಕ್ತೀಯೇನು?" ಅಂದ್ಲು. ಎಲಿ-ಅಡಿಕಿ ಜೋಡಿ ದಿನಾ ತಿನ್ನೋದು ಮತ್ತೇನವ್ವಾ, ಅಂದೆ.

ಈ ಸುಣ್ಣ ಎರಡು ಕೆಲಸ ಮಾಡ್ತದ. ಒಂದು, ಕಾಳಿನ ಸಿಪ್ಪಿ ಕರಗಿಸಿ ಅಂಟು ಬಿಡಿಸ್ತದ. ಅದಕ್ಕ ಹಿಟ್ಟು ಒಡೆಯದ ಮಡಚಿಕೊಳ್ತದ. ಗಿರಣಿ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದ್ರ ಈ ಗುಣ ಬರಂಗಿಲ್ಲ.

ಎರಡನೇದು ಜೀವದ ಮಾತು. ಗೋವಿನ ಜೋಳದಾಗ ನಯಾಸಿನ್ ಅನ್ನೋ ವಿಟಮಿನ್ ಅದ, ಆದ್ರ ಗಟ್ಟಿಯಾಗಿ ಹಿಡಕೊಂಡಿರ್ತದ, ನಮ್ಮ ಹೊಟ್ಟಿಗೆ ಸಿಗಂಗಿಲ್ಲ. ಸುಣ್ಣ ಅದನ್ನ ಬಿಡಿಸ್ತದ. ಮೆಕ್ಸಿಕೋ ಜನರಿಗೆ ಇದು ಸಾವಿರಾರು ವರ್ಷದಿಂದ ರೂಢಿ. ಯುರೋಪಿನವರು ಕಾಳು ಒಯ್ದ್ರು, ಸುಣ್ಣದ ಪದ್ಧತಿ ಅಲ್ಲೇ ಬಿಟ್ಟ್ರು. ಇಟಲಿಯ ಬಡ ರೈತರು, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರು ಬರೇ ಇದನ್ನ ತಿಂದು ಪೆಲಾಗ್ರಾ ಆಗಿ ಸತ್ತರು. ಚರ್ಮ ಸುಟ್ಟಂಗಾಗಿ, ಭೇದಿ ಹತ್ತಿ, ಕಡೀಕ ತಲಿ ಕೆಡ್ತದ. ನಮ್ಮ ದಖ್ಖನ್‌ನಾಗ ಬಿಳಿಜೋಳ ತಿನ್ನೋ ಬಡವರಲ್ಲೂ ಪೆಲಾಗ್ರಾ ಇತ್ತು. ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್, ಎಸ್. ಜಿ. ಶ್ರೀಕಾಂತಿಯ 1960ರಲ್ಲಿ ಲ್ಯಾನ್ಸೆಟ್‌ನಲ್ಲಿ ಅದರ ಬಗ್ಗೆ ಬರೆದರು, ಅವರು ಹುಡುಕಿದ ಕಾರಣ ಬ್ಯಾರೆ. ಹೆದರಬ್ಯಾಡ್ರಿ. ಬ್ಯಾಳಿ, ಶೇಂಗಾ, ಹಾಲು ಜೋಡಿಗಿದ್ರ ರೊಟ್ಟಿ ಏನೂ ಮಾಡಂಗಿಲ್ಲ.

ನಾನು ಬಿಕಾಂ, ಲೆಕ್ಕ ಬಿಡಂಗಿಲ್ಲ. ನಮ್ಮ ಕಡೆ ಗೋವಿನ ಜೋಳ ಬೆಳಿತೀವಿ, ಉಣ್ಣೋದು ಕಡಿಮಿ. ಹೋಗೋದು ಕೋಳಿ ಆಹಾರಕ್ಕ, ಸ್ಟಾರ್ಚ್‌ಗೆ, ಈಗ ಎಥೆನಾಲ್‌ಗೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಮಾಲದಂಡಿ ಜೋಳಕ್ಕ 3,749. ಆ ನವೆಂಬರ್‌ನಾಗ ಪ್ಯಾಟಿ ರೇಟ್ 2,400ಕ್ಕಿಂತ ಕೆಳಗ ಬಿದ್ದು ರೈತರು ಬೀದಿಗಿಳಿದಿದ್ರು. ಕಿಲೋಗೆ 24 ರೂಪಾಯಿನೂ ಸಿಗದ ಕಾಳು ಇದು. ಇದರದ್ದೇ ಮಾಸಾ ಪುಡಿ ಹೊರದೇಶದ ಪ್ಯಾಕೆಟ್‌ನಾಗ ಆನ್‌ಲೈನ್ ಬಂದ್ರ ರೇಟ್ ನೋಡಿ ಎದಿ ಹಿಡ್ಕೋಬೇಕು.

ಸರಿ, ಮಾಡೋದು. ಕಾಳು ಒಂದು ಕಿಲೋ. ಬಿತ್ತನೆ ಬೀಜ ಮಾತ್ರ ಬ್ಯಾಡ, ಅದಕ್ಕ ಔಷಧ ಸವರಿರ್ತಾರ. ಬೂಸ್ಟು ಹಿಡಿದ ಕಾಳು ಆರಿಸಿ ಒಗೀರಿ. ಮೂರು ಲೀಟರ್ ನೀರಿಗೆ ತಿನ್ನೋ ಸುಣ್ಣ 10 ಗ್ರಾಂ, ಅಂದ್ರ ಎರಡು ಸಣ್ಣ ಚಮಚ. ಗ್ವಾಡಿ ಸುಣ್ಣ ಬ್ಯಾಡ, ಅಲ್ಯುಮಿನಿಯಂ ಪಾತ್ರಿನೂ ಬ್ಯಾಡ, ಸ್ಟೀಲ್ ತಗೋರಿ. ಮುಕ್ಕಾಲು ತಾಸು ಸಣ್ಣ ಉರಿ. ಕಾಳು ಉಜ್ಜಿದ್ರ ಸಿಪ್ಪಿ ಜಾರಬೇಕು, ಒಳಗ ಮಾತ್ರ ಗಟ್ಟಿ ಇರಬೇಕು. ಮುಚ್ಚಿಟ್ಟು ಮಲಗ್ರಿ. ಮುಂಜಾನೆ ಎರಡು ನೀರಿನಾಗ ತೊಳೆದು, ಗ್ರೈಂಡರ್‌ಗೆ ಹಾಕಿ, ನೀರು ಚಿಮುಕಿಸುತ್ತ ರುಬ್ಬ್ರಿ. ದೋಸಿ ಹಿಟ್ಟಾದ್ರ ಕೆಟ್ಟಂಗ. ಉಂಡಿ ಒತ್ತಿದಾಗ ಅಂಚು ಬಿರುಕು ಬಿಟ್ಟರೆ ಇನ್ನಷ್ಟು ನೀರು, ಕೈಗೆ ಮೆತ್ತಿದ್ರ ಜಾಸ್ತಿ ಆತು ಅಂತ ತಿಳೀರಿ.

ಜೋಳದ ರೊಟ್ಟಿ ಬಡಿಯೋರಿಗೆ ಇದೇನೂ ಹೊಸಾದಲ್ಲ, ಕೈಗೆ ಗೊತ್ತದ. ನನ್ನಂಗ ಬರದವರು ಎರಡು ಪ್ಲಾಸ್ಟಿಕ್ ಹಾಳಿ ನಡುವ ಉಂಡಿ ಇಟ್ಟು ತಾಟಿನಿಂದ ಒತ್ತ್ರಿ.

ಮಟನ್ ಖೀಮಾ ಮೊದಲೇ ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗಿ, ಹಸಿ ಮೆಣಸಿನಕಾಯಿ ಹಾಕಿ ಹುರಿದಿಡ್ರಿ. ನೀರು ಪೂರಾ ಆರಬೇಕು, ಇಲ್ಲಂದ್ರ ಹಿಟ್ಟು ಹರೀತದ. ಚೀಸ್ ಮೊಝರೆಲ್ಲಾ ಇರಲಿ. ಸ್ಲೈಸ್ ಚೀಸ್ ಕರಗ್ತದ, ಎಳೆ ಬರಂಗಿಲ್ಲ. ತಟ್ಟಿದ್ದರ ಮ್ಯಾಲೆ ಎರಡೂ ಇಟ್ಟು, ಪ್ಲಾಸ್ಟಿಕ್ ಸಮೇತ ಮಡಚಿ, ಕರ್ಚಿಕಾಯಿಗೆ ಮಾಡಿದಂಗ ಅಂಚು ಒತ್ತಿ, ಹಾಳಿ ತೆಗೆದು ಹಂಚಿಗೆ ಹಾಕ್ರಿ. ಎರಡೂ ಕಡೆ ಕಂದು ಚುಕ್ಕಿ ಬರೋ ತನಕ, ಸುಮಾರು ಮೂರ್ಮೂರು ನಿಮಿಷ. ಮ್ಯಾಲೆ ಜಿಐ ಟ್ಯಾಗ್ ಸಿಕ್ಕಿರೋ ನಮ್ಮ ಇಂಡಿ ಲಿಂಬಿ ಹಿಂಡ್ರಿ.

ಅವ್ವ ಮೊದಲ ತುತ್ತಿಗೆ ಏನೂ ಅನ್ನಲಿಲ್ಲ. ಎರಡನೇದಕ್ಕ ಶೇಂಗಾ ಚಟ್ನಿ ಹಚ್ಚಿಕೊಂಡ್ಲು. ಉಳಿದ ಹಿಟ್ಟು ಒದ್ದಿ ಬಟ್ಟಿಯಾಗ ಸುತ್ತಿ ಫ್ರಿಜ್ಜಿನಾಗಿಡ್ರಿ, ಮರುದಿನದೊಳಗ ಮುಗಿಸ್ರಿ. ಆಮ್ಯಾಲೆ ಹುಳಿ ಬರ್ತದ.