ಎಳೆಯ ವಿದ್ಯಾರ್ಥಿ, ಗಣಿತದ ಅಳುಕು

ಕಾಲೇಜು ತೆರೆಯುವ ಕಾಲ ಬಂತೆಂದರೆ ಕೆಲವು ಮನೆಗಳಲ್ಲಿ ಹೆಮ್ಮೆಯ ಜೊತೆಗೆ ಒಂದು ಅಳುಕೂ ಹೊಕ್ಕುಬಿಡುತ್ತದೆ. ಹುಡುಗ ಚುರುಕು, ಓರಗೆಯವರಿಗಿಂತ ಮೊದಲೇ ವಿಶ್ವವಿದ್ಯಾನಿಲಯ ಸೇರಿದ್ದಾನೆ. ಆದರೆ ಗಣಿತದ ಮಾತೆತ್ತಿದರೆ, “ಉಳಿದವರೆಲ್ಲ ಕಲಿತು ಬಂದಿದ್ದಾರೆ, ನಾನೊಬ್ಬನೇ ಹಿಂದೆ” ಎಂದು ಮುಖ ಸಣ್ಣದು ಮಾಡುತ್ತಾನೆ. ಈ ಅಳುಕನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದರು: ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್.

ಅವರು ಹುಟ್ಟಿದ್ದು 1894ರಲ್ಲಿ. ತಂದೆ ಲಿಯೋ ವೀನರ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವ್ ಭಾಷೆಗಳ ಅಧ್ಯಾಪಕರು. ಮಗನಿಗೆ ಪುಸ್ತಕವೆಂದರೆ ಹಸಿವು. ಆದರೆ ಕೂಡುವ ಲೆಕ್ಕಕ್ಕೆ ಬೆರಳು ಮಡಿಸಬೇಕು, ಮಗ್ಗಿ ತಡವರಿಸುತ್ತಿತ್ತು. ತಂದೆ ಅವನನ್ನು ಮಗ್ಗಿಯಲ್ಲೇ ಕೂಡಿಹಾಕಲಿಲ್ಲ. ಶಾಲೆ ಬಿಡಿಸಿ ಮನೆಯಲ್ಲಿ ಬೀಜಗಣಿತಕ್ಕೆ ಹಚ್ಚಿದರು. ಅದು ಹಿಡಿಸಿತು. ಲೆಕ್ಕದಲ್ಲಿ ನಿಧಾನವಾದವನು ಗಣಿತಕ್ಕೇ ನಾಲಾಯಕ್ಕು ಎಂದು ತೀರ್ಪು ಕೊಡುವ ಹಿರಿಯರು ಇದನ್ನು ಕೊಂಚ ಯೋಚಿಸಬೇಕು.

1906ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಹುಡುಗ ಟಫ್ಟ್ಸ್ ಕಾಲೇಜು ಸೇರಿದ. ಮೊದಲ ವರ್ಷವೇ ಸಮೀಕರಣ ಸಿದ್ಧಾಂತದ ಪಾಠ! ಅದರಲ್ಲಿಯೂ ಗಾಲ್ವಾ ಸಿದ್ಧಾಂತ ತನ್ನ ಅಳವಿಗೆ ಮೀರಿತ್ತೆಂದೂ, ಪ್ರಾಧ್ಯಾಪಕ ರಾನ್ಸಮ್ ಅವರ ನೆರವಿನಿಂದಲೇ ದಡ ಸೇರಿದೆನೆಂದೂ ವೀನರ್ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1909ರಲ್ಲಿ ಪದವಿ ಬಂತು, 1913ರಲ್ಲಿ ಹಾರ್ವರ್ಡಿನ ಡಾಕ್ಟರೇಟೂ ಬಂತು.

ಇಷ್ಟಕ್ಕೆ ಹಿಂದುಳಿದ ಚಿಂತೆ ತೀರಿತೆ? ಇಲ್ಲ. ಗಣಿತದ ತತ್ತ್ವವನ್ನು ಕಲಿಯಲೆಂದು ಅವರು ಕೇಂಬ್ರಿಜ್‌ಗೆ ಹೋದಾಗ ಬರ್ಟ್ರಂಡ್ ರಸೆಲ್ ಅವರು, ಮೊದಲು ಗಣಿತವನ್ನೇ ಇನ್ನಷ್ಟು ಕಲಿಯಿರಿ ಎಂದು ಸಲಹೆಯಿತ್ತರು. ಡಾಕ್ಟರೇಟು ಪಡೆದವರು ಮತ್ತೆ ಹಾರ್ಡಿಯವರ ತರಗತಿಯಲ್ಲಿ ಕುಳಿತರು. (ನಮ್ಮ ರಾಮಾನುಜನ್ ಅವರನ್ನು ಕರೆಸಿಕೊಂಡ ಹಾರ್ಡಿಯವರೇ.) ಅದಾದ ಮೇಲೂ, 1919ರಲ್ಲಿ, ತಂಗಿಯನ್ನು ಮದುವೆಯಾಗಬೇಕಿದ್ದ ಗಣಿತಜ್ಞ ಗ್ರೀನ್ ಇನ್‌ಫ್ಲುಯೆಂಜಾದಿಂದ ತೀರಿಕೊಂಡು, ಅವರ ಪುಸ್ತಕಗಳು ಮನೆಗೆ ಬಂದವು. ಆಧುನಿಕ ಗಣಿತ ತನಗೆ ನಿಜವಾಗಿ ತಿಳಿಯತೊಡಗಿದ್ದು ಆ ಪುಸ್ತಕಗಳನ್ನು ಓದಿದ ಮೇಲೆ ಎನ್ನುತ್ತಾರೆ ವೀನರ್. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಹಾಗಾದರೆ ಇಂದಿನ ವಿದ್ಯಾರ್ಥಿ ಮಾಡಬೇಕಾದುದೇನು? “ನನಗೆ ಗಣಿತ ಬಾರದು” ಎಂಬುದು ಬಲು ದೊಡ್ಡ ಮಾತು. ಕಲನಶಾಸ್ತ್ರದಲ್ಲಿ ಎಡವಿದವನು ಎಷ್ಟೋ ಸಲ ಎಡವಿರುವುದು ಕಲನಶಾಸ್ತ್ರದಲ್ಲಲ್ಲ. ಕೆಳಗಿನ ಯಾವುದೋ ಮೆಟ್ಟಿಲಲ್ಲಿ, ಭಿನ್ನರಾಶಿಯಲ್ಲೋ ಘಾತಾಂಕದಲ್ಲೋ ತ್ರಿಕೋನಮಿತಿಯ ಸೂತ್ರದಲ್ಲೋ. ಪುಸ್ತಕ ಮುಚ್ಚಿ ಒಂದು ಲೆಕ್ಕ ಮಾಡಲಿ. ಪೆನ್ನು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಗುರುತು ಹಾಕಲಿ. ಹೈಸ್ಕೂಲಿನ ಪುಸ್ತಕವನ್ನು ಮತ್ತೆ ತೆರೆಯಬೇಕಾದರೆ ತೆರೆಯಲಿ. ಆ ಗುರುತಿನ ಹಾಳೆಯನ್ನು ಹಿಡಿದು ಹೋದರೆ, ಎಲ್ಲಿಂದ ಹೇಳಿಕೊಡಬೇಕೆಂದು ಅಧ್ಯಾಪಕರಿಗೂ ತಿಳಿಯುತ್ತದೆ.

ಮನೆಯವರ ವಿಷಯ ಬೇರೆ. ಲಿಯೋ ವೀನರ್ ಪಾಠ ಹೇಳುವಾಗ ಮಗ ತಪ್ಪಿದರೆ ಸಿಡಿದು ಬಯ್ಯುತ್ತಿದ್ದರು. ಮಗನಲ್ಲಿ ವಿಶೇಷ ಪ್ರತಿಭೆಯೇನಿಲ್ಲ, ಎಲ್ಲವೂ ತಮ್ಮ ಶಿಕ್ಷಣದ ಫಲವೆಂದು ಅವರು ಹೇಳಿದ್ದು 1911ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಗೆದ್ದರೆ ಗೆಲುವು ತಂದೆಯದು, ಸೋತರೆ ಸೋಲು ಮಾತ್ರ ತನ್ನದು ಎಂದು ಮಗ ನೊಂದ. ಆತ್ಮಕಥೆ 1953ರಲ್ಲಿ ಹೊರಬಂದಾಗ ಆ ಮಗ ಜಗತ್ಪ್ರಸಿದ್ಧ ಗಣಿತಜ್ಞ, ವಯಸ್ಸು ಐವತ್ತೆಂಟು. ತಂದೆ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಆ ನೋವನ್ನು ಅವರು ಮರೆಯದೆ ಅದರಲ್ಲಿ ಬರೆದಿದ್ದಾರೆ.