ಕಾಪ್ರೇರಾ ದ್ವೀಪದ ತೋಟಿಗನು

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಹಿರಿಯ ಜೀವವೊಂದನ್ನು ಸ್ಮರಿಸುವ ಭಾಷಣವನ್ನು ಈ ಮಹೋತ್ಸವದಲ್ಲಿ ಮಾಡಬೇಕೆಂದು ನನಗೆ ಅಪ್ಪಣೆಯಾಯಿತು. ಈ ನಾಡಿನ ಶರಣರ ಚರಿತ್ರೆಯನ್ನು ಹೇಳಲು ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿ ಹಲವರಿರುವರು. ಆದುದರಿಂದ ನಾನು ದೂರದ ಇಟಲಿ ದೇಶದ ಒಬ್ಬ ಮುದಿಯೋಧನನ್ನು ಆರಿಸಿಕೊಂಡಿರುವೆನು. ಜುಸೆಪ್ಪೆ ಗ್ಯಾರಿಬಾಲ್ಡಿಯೆಂಬ ಹೆಸರು ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ. ಲಾಲಾ ಲಜಪತರಾಯರು ಅವನ ಚರಿತ್ರೆಯನ್ನು ಉರ್ದು ಭಾಷೆಯಲ್ಲಿ ಬರೆದರು. ಮಹಾತ್ಮಾ ಗಾಂಧಿಯವರು 1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ನಲ್ಲಿ ಅವನನ್ನೂ ಮ್ಯಾಝಿನಿಯನ್ನೂ ಜೊತೆಗಿಟ್ಟು ತೂಗಿನೋಡಿದರು. ಅವರೆಲ್ಲರೂ ನೋಡಿದುದು ಕತ್ತಿ ಹಿಡಿದ ಗ್ಯಾರಿಬಾಲ್ಡಿಯನ್ನು. ನಾನು ಹೇಳಬೇಕೆಂದಿರುವುದು ಗುದ್ದಲಿ ಹಿಡಿದವನ ವಿಷಯವನ್ನು. ಮಕ್ಕಳನ್ನು ಹೆತ್ತು, ಮಕ್ಕಳನ್ನು ಮಣ್ಣುಮಾಡಿ, ಮಕ್ಕಳ ಸಾಲವನ್ನು ಹೊತ್ತ ಒಬ್ಬ ಸಂಸಾರಿಯ ವಿಷಯವನ್ನು.

ಅವನು ಪುರೋಹಿತವರ್ಗದೊಡನೆ ಜನ್ಮವೆಲ್ಲ ಕಾದಾಡಿದವನು. ತನ್ನ ಹೊಲದ ಕತ್ತೆಯೊಂದಕ್ಕೆ ರೋಮಿನ ಪೋಪರ ಹೆಸರನ್ನೇ ಇಟ್ಟಿದ್ದನು. ಇಂಥವನನ್ನು ಮಠದ ವೇದಿಕೆಗೆ ಕರೆತರುವುದು ಧಾರ್ಷ್ಟ್ಯವೆಂದು ಕೆಲವರು ಭಾವಿಸಿಯಾರು. ಪೂಜ್ಯರು ನಗುತ್ತಿರುವುದನ್ನು ಕಂಡು ನನಗೆ ಧೈರ್ಯವುಂಟಾಗಿದೆ. ಕುಲವನ್ನು ಕೇಳದೆ ಕಾಯಕವನ್ನು ಕೇಳಿದ ಅನುಭವಮಂಟಪದ ಪರಂಪರೆಯಲ್ಲಿ ಅವನಿಗೊಂದು ಮಣೆ ದೊರೆಯದಿರದೆಂದು ನನ್ನ ನಂಬಿಕೆ.

ಗ್ಯಾರಿಬಾಲ್ಡಿಯು 1807ನೆಯ ಇಸವಿ ಜುಲೈ 4ರಂದು ನೀಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯಂತೆ ತಾನೂ ನಾವಿಕನಾದನು. ಇಟಲಿಯು ಆಗ ಹಲವು ತುಂಡುಗಳಾಗಿ ಹಲವು ದೊರೆಗಳ ಕೈಯಲ್ಲಿದ್ದಿತು. ಅದನ್ನು ಒಂದುಗೂಡಿಸುವ ಸಂಚಿನಲ್ಲಿ ಸೇರಿದುದಕ್ಕಾಗಿ 1834ರಲ್ಲಿ ಅವನಿಗೆ ಮರಣದಂಡನೆ ವಿಧಿಸಲ್ಪಟ್ಟಿತು. ತಪ್ಪಿಸಿಕೊಂಡು ದಕ್ಷಿಣ ಅಮೆರಿಕೆಗೆ ಹೋಗಿ, ಬ್ರೆಜಿಲ್ ಮತ್ತು ಉರುಗ್ವೆ ದೇಶಗಳ ಯುದ್ಧಗಳಲ್ಲಿ ಹನ್ನೆರಡು ವರ್ಷಗಳಷ್ಟು ಕಾಲ ಕಳೆದನು. ಅಲ್ಲಿ ಆನಿಟಾ ಎಂಬ ಧೀರೆಯನ್ನು ವರಿಸಿದನು. ಆಕೆ ಕುದುರೆಯೇರಿ ಗಂಡನ ಪಕ್ಕದಲ್ಲಿಯೇ ಕಾದಿದವಳು. 1849ರಲ್ಲಿ ರೋಮಿನ ಗಣರಾಜ್ಯವು ಬಿದ್ದುಹೋದಾಗ, ಆಸ್ಟ್ರಿಯಾ ದೇಶದ ಸೈನಿಕರು ಬೆನ್ನಟ್ಟಿ ಬರುತ್ತಿರಲು, ತುಂಬುಬಸುರಿಯಾಗಿದ್ದ ಆಕೆ ರವೆನ್ನಾ ಪಟ್ಟಣದ ಬಳಿ ಒಂದು ಒಕ್ಕಲಿಗರ ಮನೆಯಲ್ಲಿ ಆಗಸ್ಟ್ 4ರಂದು ಪ್ರಾಣ ಬಿಟ್ಟಳು. ಹೆಂಡತಿಯ ಶವಕ್ಕೆ ಮಣ್ಣು ಕೊಡಲು ಸಹ ಗಂಡನಿಗೆ ಸಮಯವಿರಲಿಲ್ಲ, ಅವನು ಓಡಲೇಬೇಕಾಯಿತು. ಮೂವರು ತಾಯಿಯಿಲ್ಲದ ಮಕ್ಕಳು ನೀಸಿನಲ್ಲಿ ಉಳಿದರು. ತಂದೆಯು ನ್ಯೂಯಾರ್ಕ್ ನಗರದ ಬಳಿಯ ಸ್ಟೇಟನ್ ದ್ವೀಪದಲ್ಲಿ ತನ್ನ ನಾಡಿನವನೊಬ್ಬನ ಕಾರ್ಖಾನೆಯಲ್ಲಿ ಮೇಣದಬತ್ತಿ ಮಾಡುವ ಕೆಲಸಕ್ಕೆ ನಿಂತನು. ದಳಪತಿಯಾಗಿದ್ದವನು ಬತ್ತಿ ಹೊಸೆಯುವುದೇ ಎಂದು ನಮ್ಮಲ್ಲಿ ಯಾರೂ ಮೂಗು ಮುರಿಯಲಾರರು.

1855ರಲ್ಲಿ ಅವನ ತಮ್ಮನು ತೀರಿಕೊಂಡನು. ಬಂದ ಪಿತ್ರಾರ್ಜಿತದಿಂದ ಅವನು ಸಾರ್ಡಿನಿಯಾದ ಈಶಾನ್ಯದಲ್ಲಿರುವ ಕಾಪ್ರೇರಾ ಎಂಬ ಸಣ್ಣ ದ್ವೀಪದ ಅರ್ಧಭಾಗವನ್ನು ಕೊಂಡನು. ಇಡಿಯ ದ್ವೀಪವೇ ಸುಮಾರು 16 ಚದರ ಕಿಲೋಮೀಟರು. ಆಡುಗಳ ದ್ವೀಪವೆಂದೇ ಅದರ ಹೆಸರಿಗೆ ಅರ್ಥ ಹೇಳುವರು. ಗ್ರಾನೈಟ್ ಬಂಡೆ, ಮುಳ್ಳುಪೊದೆ, ವರ್ಷದ ಬಹುಕಾಲ ಬೀಸುವ ವಾಯವ್ಯದ ಬಿರುಗಾಳಿ; ಇಷ್ಟೇ ಅದರ ಸಂಪತ್ತು. ಬುದ್ಧಿಯುಳ್ಳ ಒಕ್ಕಲಿಗನು ಅದನ್ನು ಕೊಳ್ಳುತ್ತಿರಲಿಲ್ಲ. ಮೊದಲು ಡೇರೆಯಲ್ಲಿ ವಾಸಿಸಿ, ಹಿರಿಯ ಮಗನಾದ ಮೆನೊಟ್ಟಿಯನ್ನೂ ಕೆಲವು ಹಳೆಯ ಸಂಗಡಿಗರನ್ನೂ ಕೂಡಿಕೊಂಡು, ದಕ್ಷಿಣ ಅಮೆರಿಕೆಯಲ್ಲಿ ಕಂಡಿದ್ದ ಮಾದರಿಯಲ್ಲಿ ಚಪ್ಪಟೆ ಮಾಳಿಗೆಯ ಒಂದು ಬಿಳಿಯ ಮನೆಯನ್ನು ಕಟ್ಟಿದನು. ಬಂಡೆಗಳ ನಡುವೆ ಮಣ್ಣಿರುವ ಎಡೆಗಳನ್ನು ಹುಡುಕಿ, ಕಲ್ಲುಗಳನ್ನು ಹಾರೆಯಿಂದ ಮೀಟಿ ತೆಗೆದು, ಆ ಕಲ್ಲುಗಳನ್ನೇ ಗಾಳಿಗೆ ಅಡ್ಡವಾಗಿ ಗೋಡೆ ಹಾಕಿ, ಆ ಗೋಡೆಗಳ ಮರೆಯಲ್ಲಿ ದ್ರಾಕ್ಷಿಯನ್ನೂ ಆಲಿವ್ ಗಿಡಗಳನ್ನೂ ಅಂಜೂರವನ್ನೂ ನೆಟ್ಟನು. ಗೋಧಿಯನ್ನು ಬಿತ್ತಿದನು. ಜೇನುಗೂಡುಗಳನ್ನಿರಿಸಿದನು. ದನ, ಕುರಿ, ಆಡು, ಕೋಳಿಗಳನ್ನು ಸಾಕಿದನು. ಹಿಟ್ಟು ಬೀಸಲು ಗಾಳಿಯ ಗಿರಣಿಯೊಂದನ್ನು ನಿಲ್ಲಿಸಿದನು. ಬೇಸಾಯದ ದಿನಚರಿಯನ್ನು ತನ್ನ ಕೈಯಿಂದಲೇ ಬರೆದಿಡುತ್ತಿದ್ದನು. ಉದ್ಯೋಗವೇನೆಂದು ಕೇಳಿದಲ್ಲಿ ‘ಒಕ್ಕಲಿಗ’ನೆಂದೇ ಬರೆಸುತ್ತಿದ್ದನು.

ತೋಟವನ್ನು ಮಾಡಿದವರಿಗೆ ಗೊತ್ತಿರುವ ಇನ್ನೊಂದು ಸಂಗತಿಯೂ ಅಲ್ಲಿ ನಡೆಯಿತು. ದ್ವೀಪದ ಉಳಿದರ್ಧವು ಒಂದು ಇಂಗ್ಲಿಷ್ ದಂಪತಿಗಳದಾಗಿತ್ತು. ಅವರ ಪ್ರಾಣಿಗಳು ಇವನ ಬೆಳೆಗೆ ನುಗ್ಗುವುದು, ಇವನು ಸಿಟ್ಟಾಗುವುದು, ಕೊನೆಗೆ ನಡುವೆ ಗೋಡೆ ಏಳುವುದು! ರಾಜ್ಯಗಳ ಗಡಿಗಳನ್ನು ಅಳಿಸಿದ ವೀರನಿಗೂ ಬದುವಿನ ಜಗಳ ತಪ್ಪಲಿಲ್ಲ. ಮುಂದೆ ಅವನ ಅಭಿಮಾನಿಗಳು ಹಣ ಕೂಡಿಸಿ ಆ ಅರ್ಧವನ್ನೂ ಅವನಿಗೆ ಕೊಡಿಸಿದರು.

ಈಗ 1860ರ ಮಾತು. ಆ ವರ್ಷದ ಮೇ 5ರ ರಾತ್ರಿ ಸಾವಿರಕ್ಕೆ ತುಸು ಮಿಕ್ಕ ಜನರನ್ನು ಎರಡು ಹಡಗುಗಳಲ್ಲಿ ತುಂಬಿಕೊಂಡು ಹೊರಟ ಅವನು, ಸಿಸಿಲಿಯನ್ನು ಗೆದ್ದು, ಸೆಪ್ಟೆಂಬರ್ 7ರಂದು ನೇಪಲ್ಸ್ ನಗರವನ್ನು ಪ್ರವೇಶಿಸಿದನು. ದಕ್ಷಿಣ ಇಟಲಿಯ ಇಡಿಯ ರಾಜ್ಯವು ಅವನ ಅಂಗೈಯಲ್ಲಿತ್ತು. ಅಕ್ಟೋಬರ್ 26ರಂದು ಅದನ್ನು ವಿಕ್ಟರ್ ಇಮ್ಯಾನುಯೆಲ್ ಅರಸನಿಗೆ ಒಪ್ಪಿಸಿದನು. ಅರಸನು ಬಿರುದು, ಕೋಟೆಮನೆ, ಮಗಳಿಗೆ ಬಳುವಳಿ ಮೊದಲಾದುವನ್ನು ನೀಡಲು ಬಂದರೆ ಒಂದನ್ನೂ ತೆಗೆದುಕೊಳ್ಳಲಿಲ್ಲ. ನವೆಂಬರ್ 9ರಂದು ಮನೆಗೆ ಹೊರಟಾಗ ಅವನ ಸಂಗಡ ಇದ್ದುದು ಬಿತ್ತನೆಯ ಕಾಳಿನ ಒಂದು ಚೀಲ, ಸ್ವಲ್ಪ ಕಾಫಿ, ಸಕ್ಕರೆ, ಇಂಥ ಕೆಲವು ದಿನಸಿಗಳು ಮಾತ್ರ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುವುದು. ಬಸವಣ್ಣನವರ ಮಹಾಮನೆಯ ಅಂಗಳದಿಂದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆ ತಾಯಿ ಗಂಡನಿಗೆ ಹೇಳಿದಳು. ಗ್ಯಾರಿಬಾಲ್ಡಿಯ ಮನೆಯಲ್ಲಿ ಹಾಗೆ ಹೇಳುವ ಲಕ್ಕಮ್ಮನಿರಲಿಲ್ಲ. ಅವನಿಗೆ ಅವನೇ ಹೇಳಿಕೊಂಡನು. ಆದರೂ ಆ ದಿನ ಅವನು ತೃಪ್ತನಾಗಿ ಹೊರಟನೆಂದು ತಿಳಿಯಬೇಡಿರಿ. ಅದೇ ವರ್ಷ ಅವನು ಹುಟ್ಟಿದ ನೀಸ್ ಪಟ್ಟಣವನ್ನು ರಾಜಕಾರಣಿಗಳು ಫ್ರಾನ್ಸಿಗೆ ಕೊಟ್ಟುಬಿಟ್ಟಿದ್ದರು. ತನ್ನ ಜನರಿಗೆ ದೇಶವನ್ನು ಕೂಡಿಸಿಕೊಟ್ಟವನಿಗೆ ತನ್ನ ತವರೂರೇ ಪರದೇಶವಾಯಿತು. ಆ ಕಲ್ಲುದ್ವೀಪದ ಹೊರತು ತನ್ನದೆಂದು ಹೇಳಿಕೊಳ್ಳುವ ನೆಲ ಅವನಿಗೆ ಉಳಿದಿರಲಿಲ್ಲ.

ಮುಂದಿನ ಯುದ್ಧಗಳನ್ನು ವಿಸ್ತರಿಸುವುದಿಲ್ಲ. 1862ರಲ್ಲಿ ರೋಮಿನ ಮೇಲೆ ದಂಡೆತ್ತಿ ಹೋಗುತ್ತಿದ್ದಾಗ, ಅವನೇ ಕಟ್ಟಿಕೊಟ್ಟ ರಾಜ್ಯದ ಸೈನಿಕರು ಆಸ್ಪ್ರೊಮಾಂಟೆ ಎಂಬಲ್ಲಿ ಗುಂಡು ಹಾರಿಸಿ ಅವನ ಕಣಕಾಲನ್ನು ಒಡೆದರು. ಆ ಗುಂಡನ್ನು ಹೊರತೆಗೆಯಲು ವೈದ್ಯರಿಗೆ ತಿಂಗಳುಗಳೇ ಹಿಡಿದುವು. 1866ರಲ್ಲಿ ಗೆಲ್ಲುತ್ತಿದ್ದ ಯುದ್ಧವನ್ನು ನಿಲ್ಲಿಸೆಂದು ಆಜ್ಞೆ ಬಂದಾಗ, ಪಾಲಿಸುತ್ತೇನೆಂಬ ಒಂದೇ ಮಾತಿನ ತಂತಿಯನ್ನು ಕಳುಹಿಸಿದನು. ಪ್ರತಿ ಸಲವೂ ತೋಟಕ್ಕೇ ಮರಳಿದನು. ಕಾಪ್ರೇರಾದಲ್ಲಿ ಒಂದು ರಾತ್ರಿ ಕಳೆದುಹೋದ ಕುರಿಮರಿಯನ್ನು ಅರಸುತ್ತ ಬಂಡೆಗಳ ನಡುವೆ ಅಲೆದು, ಎಲ್ಲರೂ ಮಲಗಿದ ಮೇಲೆ ಅದನ್ನು ತಂದು ಹಾಲೂಡಿಸಿದನೆಂಬ ಕತೆಯನ್ನು ಅವನ ಚರಿತ್ರಕಾರರು ಹೇಳುವರು. ಕತೆಯ ವಿವರಗಳು ಹೇಗೇ ಇರಲಿ, 1871ರಲ್ಲಿ ಟ್ಯೂರಿನ್ ನಗರದಲ್ಲಿ ಪ್ರಾಣಿರಕ್ಷಣೆಯ ಸಂಘವು ಸ್ಥಾಪಿತವಾದುದು ಅವನ ಪ್ರೇರಣೆಯಿಂದಲೇ.

ಅವನ ಸಂಸಾರದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಗಳಿಕೆಯಿಂದ ಸತ್ತವರಿಗೆ ಉಪಕಾರವಾಗದು. 1860ರ ಜನವರಿಯಲ್ಲಿ ಅವನು ತನಗಿಂತ ಬಹಳ ಚಿಕ್ಕವಳಾದ ಶ್ರೀಮಂತರ ಮಗಳೊಬ್ಬಳನ್ನು ಮದುವೆಯಾಗಿ, ಆಕೆಯ ವಿಷಯವಾಗಿ ಬಂದ ಒಂದು ಪತ್ರದಿಂದ ಕೋಪಗೊಂಡು, ಮದುವೆಯ ದಿನವೇ ತೊರೆದನು. ಆ ಗಂಟು ಇಪ್ಪತ್ತು ವರ್ಷ ಬಿಚ್ಚಲಿಲ್ಲ. ಅದಕ್ಕೂ ಮುಂಚೆ ಮನೆಗೆಲಸದ ಹೆಂಗಸಿನಲ್ಲಿ ಅವನಿಗೊಬ್ಬ ಮಗಳು ಹುಟ್ಟಿದ್ದಳು. ಗತಿಸಿದ ಹೆಂಡತಿಯ ಹೆಸರನ್ನೇ ಆಕೆಗೆ ಇಟ್ಟಿದ್ದನು. ಮಗಳಾದ ತೆರೆಸಿಟಾಳ ಕೂಸಿಗೆ ಹಾಲೂಡಲು 1866ರಲ್ಲಿ ಬಂದ ಫ್ರಾಂಚೆಸ್ಕಾ ಎಂಬ ಬಡ ಒಕ್ಕಲಿಗರ ಹೆಣ್ಣುಮಗಳು ಅವನ ಮುಪ್ಪಿನ ಸಂಗಾತಿಯಾದಳು. ಆಕೆಯಲ್ಲಿ ಮೂವರು ಮಕ್ಕಳು: ಕ್ಲೀಲಿಯಾ, ರೋಸಾ, ಮನ್ಲಿಯೊ. ಹಳೆಯ ಮದುವೆ ರದ್ದಾಗಿ ಆಕೆಯ ಕೈಯನ್ನು ವಿಧಿವತ್ತಾಗಿ ಹಿಡಿಯುವ ಹೊತ್ತಿಗೆ 1880ನೆಯ ಇಸವಿ ಬಂದಿತ್ತು. ಅಷ್ಟು ವರ್ಷ ಆ ಹೆಂಗಸು ಜನರ ಮಾತನ್ನು ಹೇಗೆ ಸಹಿಸಿದಳೆಂಬುದನ್ನು ವೀರಚರಿತ್ರೆಗಳು ಬರೆಯುವುದಿಲ್ಲ. ಬರೆಯಬೇಕಾಗಿತ್ತು.

1867ರ ಫೆಬ್ರವರಿ 16ರಂದು ಕ್ಲೀಲಿಯಾ ಹುಟ್ಟಿದಾಗ ತಂದೆಯು ಮನೆಯಂಗಳದಲ್ಲಿ ಒಂದು ಪೈನ್ ಮರವನ್ನು ನೆಟ್ಟನು. ರೋಸಾ ಎರಡು ತುಂಬುವ ಮೊದಲೇ, 1871ರ ಹೊಸವರ್ಷದ ದಿನ ತೀರಿಕೊಂಡಳು. ಆಗ ಅವನು ಫ್ರಾನ್ಸಿನಲ್ಲಿ, ಹೊಸದಾಗಿ ಹುಟ್ಟಿದ ಗಣರಾಜ್ಯದ ಪರವಾಗಿ ಕಾದುತ್ತಿದ್ದನು. ಮನೆಯಲ್ಲಿದ್ದ ಕೂಸು ಹೋದಾಗ ಅವನು ಪರರ ಮನೆಯನ್ನು ಕಾಯುತ್ತಿದ್ದನು. 1875ರಲ್ಲಿ ಆನಿಟಾ ಎಂಬ ಆ ಇನ್ನೊಬ್ಬ ಮಗಳೂ ಹದಿನಾರರ ಹರೆಯದಲ್ಲಿ ಜ್ವರದಿಂದ ಸತ್ತಳು.

ನಾನು ಈ ಭಾಷಣವನ್ನು ಒಪ್ಪಿಕೊಂಡುದು ಮುಖ್ಯವಾಗಿ ಇನ್ನು ಹೇಳುವ ಮಾತಿಗಾಗಿ. ಸಂಧಿವಾತವು ಅವನ ಕೈಕಾಲುಗಳನ್ನು ಕಟ್ಟಿಹಾಕಿತು. ಗುದ್ದಲಿ ಹಿಡಿಯುವ ಕೈಗೆ ಲೇಖನಿಯೂ ಭಾರವಾಯಿತು. ಹಣಕ್ಕಾಗಿ ಕಾದಂಬರಿಗಳನ್ನು ಬರೆದನು. ಅವು ಒಳ್ಳೆಯ ಕಾದಂಬರಿಗಳೆಂದು ಅವನ ಮಿತ್ರರೂ ಹೇಳಲಿಲ್ಲ. ಇಂಗ್ಲೆಂಡಿನ ಸ್ನೇಹಿತರು ಕೊಟ್ಟಿದ್ದ ವಿಹಾರನೌಕೆಯನ್ನು ಮಾರಿದರೆ, ಆ ಹಣವನ್ನು ನಂಬಿಗೆಯವನೊಬ್ಬನು ಎತ್ತಿಕೊಂಡು ಓಡಿಹೋದನು. ಗಂಡುಮಕ್ಕಳು ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಸಾಲದಲ್ಲಿ ಮುಳುಗಿದರು. ಆಗ ಇಟಲಿಯ ಪಾರ್ಲಿಮೆಂಟು ಅವನಿಗೆ ವರ್ಷಕ್ಕೆ 1,00,000 ಲಿರಾಗಳನ್ನು ಗೊತ್ತುಮಾಡಿತು. ಅವನು ಮೊದಲು ನಿರಾಕರಿಸಿದನು. 1876ರಲ್ಲಿ ಸ್ವೀಕರಿಸಿದನು.

ಅವನು ಕೊನೆಗೆ ಸೋತನೆಂದು ಆಗಲೂ ಕೆಲವರು ಆಡಿಕೊಂಡರು. ಬಿತ್ತನೆಯ ಚೀಲದೊಡನೆ ಹೊರಟವನು ಹೀಗೆ ಕೈಯೊಡ್ಡಬಹುದೇ? ಲಕ್ಕಮ್ಮನ ತಕ್ಕಡಿಯಲ್ಲಿ ಇದು ನಿಲ್ಲುವುದೇ? ನಾನು ಬಹುದಿನ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆನು. ನನಗೆ ತೋರುವುದಿಷ್ಟು: 1860ರಲ್ಲಿ ಬೇಡವೆಂದಾಗ ಅವನು ಕಳೆದುಕೊಂಡುದು ತನಗೆ ಬೇಡವಾದುದನ್ನೇ. ಬಿರುದು ಕೋಟೆಗಳ ಆಸೆ ಅವನಿಗೆ ಎಂದೂ ಇರಲಿಲ್ಲ. 1876ರಲ್ಲಿ ಬಿಟ್ಟುಕೊಟ್ಟುದಾದರೋ ಅವನಿಗೆ ಅತ್ಯಂತ ಪ್ರಿಯವಾಗಿದ್ದ ವಸ್ತು. ಯಾರ ಋಣವೂ ತನಗಿಲ್ಲವೆಂಬ ಅಭಿಮಾನ. ಮಕ್ಕಳು ಮಾಡಿದ ಸಾಲವನ್ನು ತೀರಿಸದೆ ತಾನು ನಿಃಸ್ಪೃಹನೆಂಬ ಕೀರ್ತಿಯನ್ನು ಉಳಿಸಿಕೊಂಡಿದ್ದರೆ, ಆ ಕೀರ್ತಿಯ ಬೆಲೆಯನ್ನು ಸಾಲ ಕೊಟ್ಟವರು ತೆರಬೇಕಾಗುತ್ತಿತ್ತು. ಸಂಸಾರವನ್ನು ಬಿಟ್ಟು ಓಡದೆ ಅದರ ನಡುವೆಯೇ ನಿಂತು ನಡೆಯಬೇಕೆಂದ ಶರಣರು ಆ ಮುದುಕನ ಸಂಕಟವನ್ನು ಅರಿಯದಿರಲಾರರು. ಬೇರೆ ಅಭಿಪ್ರಾಯವುಳ್ಳವರೂ ಈ ಸಭೆಯಲ್ಲಿರಬಹುದು; ಅವರೊಡನೆ ನಾನು ವಾದಿಸುವುದಿಲ್ಲ.

ಕೊನೆಯ ವರ್ಷಗಳಲ್ಲಿ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗಿಡಗಳ ನಡುವೆ ತಳ್ಳಿಕೊಂಡು ಹೋಗುತ್ತಿದ್ದರು. 1882ರ ಜೂನ್ 2ರಂದು, ಸಮುದ್ರ ಕಾಣುವ ಕಿಟಕಿಯ ಬಳಿಗೆ ಹಾಸಿಗೆಯನ್ನು ಸರಿಸಿದ್ದರು. ಎರಡು ಸಣ್ಣ ಹಕ್ಕಿಗಳು ಬಂದು ಕಿಟಕಿಯ ಹೊಸ್ತಿಲ ಮೇಲೆ ಕುಳಿತುವು. ಓಡಿಸಬೇಡಿರಿ, ತೀರಿಹೋದ ತನ್ನ ಇಬ್ಬರು ಹೆಣ್ಣುಮಕ್ಕಳ ಜೀವಗಳಿರಬಹುದು, ತಾನು ಹೋದ ಮೇಲೂ ಅವಕ್ಕೆ ಕಾಳು ಹಾಕಿರಿ ಎಂದು ಅವನು ಹೇಳಿದನಂತೆ. ಆ ಸಂಜೆ ಪ್ರಾಣ ಹೋಯಿತು. ಗಡಿಯಾರವನ್ನು ಆ ಹೊತ್ತಿಗೇ ನಿಲ್ಲಿಸಿದರು. ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯಲ್ಲಿ ಅದು ಹಾಗೆಯೇ ಇದೆ.

ಅವನದೊಂದು ಇಚ್ಛೆ ನೆರವೇರಲಿಲ್ಲ. ಕೆಂಪು ಅಂಗಿಯನ್ನು ತೊಡಿಸಿ, ದ್ವೀಪದ ಸುವಾಸನೆಯ ಕಟ್ಟಿಗೆಗಳ ಚಿತೆಯ ಮೇಲೆ, ಬಯಲಿನಲ್ಲಿ ತನ್ನ ದೇಹವನ್ನು ಸುಡಬೇಕೆಂದು ಅವನು ಸ್ಪಷ್ಟವಾಗಿ ಬರೆದಿಟ್ಟಿದ್ದನು. ಮಂತ್ರಿಗಳೂ ಗಣ್ಯರೂ ಕೂಡಿ ಬಂದು, ದೇಶಕ್ಕೊಂದು ಗೋರಿ ಬೇಕೆಂದು ನಿಶ್ಚಯಿಸಿದರು. ಜೂನ್ 8ರಂದು ಅವನನ್ನು ಹೂಳಿ ಮೇಲೆ ಭಾರಿಯಾದ ಗ್ರಾನೈಟ್ ಬಂಡೆಯೊಂದನ್ನು ಇರಿಸಿದರು. ದೇಹವನ್ನು ಭೂಮಿಗೆ ಒಪ್ಪಿಸುವ ಸಂಪ್ರದಾಯದವರಾದ ನಮಗೆ ಹೂಳುವುದರಲ್ಲಿ ಅಪಚಾರವೇನೂ ಕಾಣಿಸದು. ಆದರೆ ಜೀವಮಾನವೆಲ್ಲ ಹಾರೆಯಿಂದ ಬಂಡೆಗಳನ್ನು ಮೀಟಿ ತೆಗೆದವನ ಎದೆಯ ಮೇಲೆ ಬಂಡೆಯನ್ನಿರಿಸಿದರಲ್ಲಾ ಎಂದು ನನಗೆ ವ್ಯಸನವಾಗುವುದು.

ಕ್ಲೀಲಿಯಾ ತಂದೆಯ ನೆನಪನ್ನು ಕಾಯುತ್ತ ಬಾಳಿ 1959ರಲ್ಲಿ ತೀರಿಕೊಂಡಳು. ಆಕೆಗಾಗಿ ನೆಟ್ಟ ಪೈನ್ ಮರವು ಗಾಳಿಗೆ ವಾಲಿಕೊಂಡು ದೊಡ್ಡದಾಗಿ ಬೆಳೆದು ಅಂಗಳವನ್ನು ತುಂಬಿದೆ.