ಮಣ್ಣೆತ್ತು ಮಕ್ಕಳೇ ಮಾಡಲಿ
(ಸಮೀರವಾಡಿ ಸುತ್ತಲಿನ ಹಳ್ಳಿಗಳ ಒಕ್ಕಲು ಮನೆಗಳ ತಂದೆತಾಯಿಯರಿಗಾಗಿ ಆಡಿದ ಮಾತು)



ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮುಂದೆ ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಹೀಗೆ ವರ್ಷಕ್ಕೆ ಐದು ಸಲ ಮಣ್ಣು ನಮ್ಮ ಮನೆಗೆ ದೇವರಾಗಿ ಬರುತ್ತದೆ. ಇನ್ನೂ ಒಂದನೆಯ ಇಯತ್ತೆಗೆ ಹೋಗದ, ಮೂರರಿಂದ ಆರು ವರ್ಷದ ಕೂಸುಗಳಿಗೆ ಈ ಹಬ್ಬಗಳೇ ಸಾಲಿಯೂ ಆಗಬಲ್ಲವು. ಅದನ್ನೇ ಇಂದು ಹೇಳಬೇಕೆಂದಿದ್ದೇನೆ.

ಈಗ ನಾವು ಮಾಡುವುದೇನು? ಸಂತೆಯಿಂದ ಬಣ್ಣ ಬಳಿದ ಎತ್ತಿನ ಜೋಡಿ ತಂದು ದೇವರ ಮುಂದೆ ಇಡುತ್ತೇವೆ. ಮಗು ಕೈ ಚಾಚಿದರೆ "ಮುಟ್ಟಬ್ಯಾಡ, ಮುರದೀತು" ಎಂದು ಗದರಿಸಿ, ಅದರ ಕೈಗೆ ಮೊಬೈಲು ಕೊಡುತ್ತೇವೆ. ಕುಂಬಾರರ ಎತ್ತು ಬೇಡವೆಂದು ನಾನು ಹೇಳುತ್ತಿಲ್ಲ, ಅದು ಅವರ ಹೊಟ್ಟೆಪಾಡು. ಪೂಜೆಗೆ ಅವರ ಜೋಡಿ ಇರಲಿ, ಪಕ್ಕದಲ್ಲಿ ಮಗು ಮಾಡಿದ ಜೋಡಿಯೂ ನಿಲ್ಲಲಿ.

ಮಣ್ಣನ್ನು ದೊಡ್ಡವರೇ ತರಬೇಕು. ಔಷಧ ಸಿಂಪಡಿಸಿದ ಹೊಲದ ಮಣ್ಣು, ಔಷಧ ಕಲಸುವ ಜಾಗದ ಮಣ್ಣು ಬೇಡವೇ ಬೇಡ. ಹುತ್ತದ ಹತ್ತಿರ ಮಕ್ಕಳನ್ನು ಕಳಿಸಬೇಡಿರಿ. ಎರೆಮಣ್ಣಾದರೆ ಹರಳು ತೆಗೆದು ಜರಡಿ ಹಿಡಿದು, ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ರೊಟ್ಟಿಯ ಹಿಟ್ಟಿನಂತೆ ನಾದಿರಿ. ನಮ್ಮ ಎರೆ ಒಣಗುವಾಗ ಬಿರಿಯುತ್ತದೆ. ತುಸು ಸಣ್ಣ ಉಸುಕು ಇಲ್ಲವೆ ಹತ್ತಿಯ ಎಳೆ ಬೆರೆಸಿದರೆ ಬಿರುಕು ಕಡಿಮೆ. ಮಾಡಿದ್ದನ್ನು ನೆರಳಲ್ಲಿ ಒಣಗಿಸಿರಿ.

ಮೂರು ವರ್ಷದ ಕೂಸು ಎತ್ತು ಮಾಡಲಾರದು. ಅದು ಉಂಡೆ ಕಟ್ಟಲಿ, ಹಾವಿನಂತೆ ಹೊಸೆಯಲಿ, ಅಷ್ಟು ಸಾಕು. ನಾಲ್ಕರ ಮಗು ಉಂಡೆಗೆ ನಾಲ್ಕು ಕಾಲು ಹಚ್ಚುತ್ತದೆ. ಐದರ ಮಗು ಕೋಡು, ಬೆನ್ನ ಮೇಲಿನ ಇಣಿ, ಗೋದಲಿ, ಕಡ್ಡಿಯ ನೊಗ ಎಲ್ಲವನ್ನೂ ಕೇಳದೆ ಮಾಡುತ್ತದೆ. ಒಂದು ಎತ್ತಿಗೆ ಎರಡು ಕೋಡು, ಜೋಡಿಗೆ ಎಷ್ಟು? ಕಾಲು ಎಷ್ಟು? ಎಣಿಕೆ ಅಲ್ಲಿಯೇ ಬಂತು. ಮಣ್ಣು ಹಿಸುಕಿ ಬಲಿತ ಬೆರಳು ಮುಂದೆ ಬಳಪವನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಎತ್ತು ಸೊಟ್ಟಾದರೆ ತಿದ್ದಲು ಹೋಗಬೇಡಿರಿ. ನೀವು ತಿದ್ದಿದೊಡನೆ ಅದು ನಿಮ್ಮ ಎತ್ತಾಗುತ್ತದೆ. ಈಗ ಅನೇಕ ಮನೆಗಳ ದನದ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಂತಿದೆ. ಮಗು ಮಣ್ಣಿನ ಟ್ರ್ಯಾಕ್ಟರ್ ಮಾಡಿದರೆ ಅಜ್ಜಂದಿರು ಸಿಟ್ಟಾಗಬಾರದು!

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಂದಕ್ಕಾಗಿ ಕಣ್ಣಿಗೆ ಗುಲಗಂಜಿ ಒತ್ತುವುದುಂಟು. ಗುಲಗಂಜಿಯ ಒಳಗಿರುವುದು ವಿಷ. ಮಗು ಅಗಿದು ನುಂಗಿದರೆ ಪ್ರಾಣಕ್ಕೆ ಸಂಚಕಾರ. ಬಾಯಿಗೆ ಹಾಕಿಕೊಂಡಿತೆಂದು ಅನುಮಾನ ಬಂದರೂ ತಡಮಾಡದೆ ದವಾಖಾನೆಗೆ ಒಯ್ಯಿರಿ. ಗುಲಗಂಜಿಯ ಬದಲು ಜೋಳದ ಕಾಳು ಸಾಕು. ಆದರೆ ಚಿಕ್ಕವರು ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಅವರ ಎತ್ತಿಗೆ ಕಡ್ಡಿಯಿಂದ ಚುಚ್ಚಿದ ತೂತೇ ಕಣ್ಣಾಗಲಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಉಗುರುಸಂದಿಯವರೆಗೆ ಕೈ ತೊಳೆಸಿರಿ. ಇಲ್ಲವಾದರೆ ಜಂತುಹುಳು ಬಿಟ್ಟೀತೇ?

ಇದೇನು ಹಳ್ಳಿಯವರ ಆಟ, ಪಟ್ಟಣದ ಮಕ್ಕಳು ಇಂಗ್ಲಿಷ್ ಕಲಿಯುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ತಾರಾಬಾಯಿ ಮೋಡಕ ಅವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ತೆರೆದರು. ದುಬಾರಿ ಸಲಕರಣೆಗಳ ಬದಲು ಊರಿನಲ್ಲೇ ಸಿಗುವ ಎಲೆ, ಬೀಜ, ಕಲ್ಲುಗಳನ್ನೇ ಮಕ್ಕಳ ಮುಂದೆ ಇಟ್ಟರು. ಮಕ್ಕಳು ಸಾಲಿಗೆ ಬಾರದಿದ್ದರೆ ಸಾಲಿಯನ್ನೇ ಅವರ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ಸರಕಾರ 33 ಕಡೆ ಅಂಗನವಾಡಿ ಯೋಜನೆ ಆರಂಭಿಸಿತು. ನಮ್ಮ ರಾಜ್ಯದ ತಿರುಮಕೂಡಲು ನರಸೀಪುರ ಅವುಗಳಲ್ಲಿ ಒಂದು. ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ.

ಉಳಿದ ಹಬ್ಬಗಳಲ್ಲೂ ಕೈಗೆ ಕೆಲಸವುಂಟು. ಪಂಚಮಿಗೆ ಅಳ್ಳಿಟ್ಟು, ತಂಬಿಟ್ಟಿನ ಉಂಡಿ ಕಟ್ಟುವಾಗ ಒಂದು ಹಿಡಿ ಮಗುವಿಗೂ ಕೊಡಿರಿ. ಜೋಕಾಲಿ ಚಿಕ್ಕವರಿಗೆ ಬೇರೆ, ತಗ್ಗಿನಲ್ಲಿ ಇರಲಿ. ಹಗ್ಗವನ್ನು ಮೊದಲು ದೊಡ್ಡವರು ಜಗ್ಗಿ ನೋಡಲಿ. ಗಣಪನನ್ನು ಕಳಿಸುವಾಗ ಕೂಸುಗಳನ್ನು ಕೃಷಿ ಹೊಂಡ, ಕಾಲುವೆಗಳ ಅಂಚಿಗೆ ಒಯ್ಯಬೇಡಿರಿ; ಅಂಗಳದ ಬಕೆಟ್ಟಿನಲ್ಲೇ ಅವರ ಗಣಪ ಕರಗಲಿ, ಮಣ್ಣು ನೀರಾಗುವುದನ್ನು ಅವರು ನೋಡಲಿ. ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗೆ ಪಾಕ ಹೊಯ್ಯುವಾಗ ಮಕ್ಕಳು ದೂರವಿರಬೇಕು. ಆರಿದ ಮೇಲೆ ಆನೆ ಎಷ್ಟು, ಕುದುರೆ ಎಷ್ಟು ಎಂದು ವಿಂಗಡಿಸುವ ಕೆಲಸ ಅವರದು. ಒಂದೆರಡು ಗೊಂಬೆ ಲೆಕ್ಕಕ್ಕೆ ಸಿಗದೆ ಹೋದರೆ ಕೇಳಬೇಡಿರಿ.

ಆ ಹೊತ್ತಿಗೆ ಕಾರ್ಖಾನೆಯ ಹಂಗಾಮು ಬಂದಿರುತ್ತದೆ. ಕಬ್ಬು ಕಡಿಯುವವರು ದೂರದ ತಾಂಡಾಗಳಿಂದ, ಮಹಾರಾಷ್ಟ್ರದ ಕಡೆಯಿಂದ ಬಂದು ಗುಡಿಸಲು ಹಾಕುತ್ತಾರೆ. ಇದೇ ವಯಸ್ಸಿನ ಅವರ ಕೂಸುಗಳು ಬದುವಿನ ಮೇಲೆ, ಟ್ರೇಲರುಗಳ ಗಾಲಿಯ ಹತ್ತಿರ ಆಡುತ್ತಿರುತ್ತವೆ. ನಿಮ್ಮ ಹೊಲಕ್ಕೆ ಬಂದ ಟೋಳಿಯಲ್ಲಿ ಅಂಥ ಮಕ್ಕಳು ಎಷ್ಟಿದ್ದಾರೆಂದು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ, ತಾಯಂದಿರಿಗೆ ದಾರಿ ತೋರಿಸಿರಿ. ಒಂದು ಬುಟ್ಟಿ ಹದ ಮಾಡಿದ ಮಣ್ಣನ್ನೂ ಅಲ್ಲಿಗೆ ಕಳಿಸಿರಿ. ಎತ್ತಿನ ಗಾಡಿಯೊಡನೆ ಬಂದವರ ಮಕ್ಕಳಿಗೆ ಎತ್ತಿನ ಮೈಕಟ್ಟು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಇಣಿ ಎಲ್ಲಿ ಕೂಡಬೇಕೆಂದು ಅವರೇ ತೋರಿಸಿಕೊಡುತ್ತಾರೆ.